ಏಳನೆಯ ಸಾಲು

ತರಬೇತಿ ಕೇಂದ್ರದಲ್ಲಿ ಅವನ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಮೀಸಲು. ಮಿಕ್ಕಂತೆ ಎಲ್ಲರ ಬಾಯಲ್ಲೂ ಅವನು ಗಲಾಟೆ ಸಾರ್. ವಿಮಾನದಲ್ಲಿ ಪರಿಚಾರಕರಾಗಲು ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಕೆಟ್ಟ ಪ್ರಯಾಣಿಕನ ವೇಷ ಹಾಕುವುದು ಅವನ ಉದ್ಯೋಗ. ಸೋಮವಾರ ಕುಡುಕ. ಮಂಗಳವಾರ ಶೌಚಾಲಯದಲ್ಲಿ ಕದ್ದು ಸಿಗರೇಟು ಸೇದುವವನು. ಬುಧವಾರ, ಪಕ್ಕದ ಹೆಂಗಸಿನ ತೋಳಿಗೆ ತೋಳು ತಾಗಿಸಿಕೊಂಡು ಪೇಪರು ಓದುವ ದೊಡ್ಡ ಮನುಷ್ಯ. ಗುರುವಾರ, ಚಕ್ರ ನೆಲ ಮುಟ್ಟುವ ಮೊದಲೇ ಎದ್ದು ಚೀಲ ಇಳಿಸುವ ಅವಸರದ ಆಸಾಮಿ. ಶುಕ್ರವಾರದ ಪ್ರಯಾಣಿಕ ಮಾತ್ರ ಕೈ ಎತ್ತುವವನು. ಶುಕ್ರವಾರ ಅವನನ್ನು ಕಟ್ಟಿ ಹಾಕುತ್ತಿದ್ದರು.

ದೊಡ್ಡ ಶೆಡ್ಡಿನೊಳಗೆ ಮೂತಿಯೂ ಇಲ್ಲದ ಬಾಲವೂ ಇಲ್ಲದ ವಿಮಾನದ ನಡುಭಾಗವೊಂದಿತ್ತು. ಹನ್ನೆರಡು ಸಾಲು ಸೀಟು, ಹಳೆಯ ಸ್ಪಂಜಿನ ಮುಗ್ಗಲು ವಾಸನೆ, ಕಿಟಕಿಗಳ ಹಿಂದೆ ಟ್ಯೂಬ್‌ಲೈಟು. ವಿಸ್ಕಿ ಬಾಟಲಿಯಲ್ಲಿ ಹಾಲು ಹಾಕದ ಚಹಾ. ಅಷ್ಟರಲ್ಲೇ ಅವನು ಎಂಥ ಕುಡುಕನಾಗುತ್ತಿದ್ದನೆಂದರೆ ಹೊಸ ಬ್ಯಾಚಿನ ಒಂದಿಬ್ಬರು ನಿಜಕ್ಕೂ ಅತ್ತುಬಿಡುತ್ತಿದ್ದರು. ಆಮೇಲೆ ಅವನೇ ಹತ್ತಿರ ಹೋಗಿ, "ಬರೀ ಚಹಾ ಕಣಮ್ಮ, ಮೂಸಿ ನೋಡು ಬೇಕಾದ್ರೆ" ಅನ್ನುತ್ತಿದ್ದ.

ಶುಕ್ರವಾರದ ಪಾಠಕ್ಕೆ ನೀಲಿ ರಟ್ಟಿನ ಪುಸ್ತಕವೊಂದಿತ್ತು. ಅದರಲ್ಲಿ ಕಟ್ಟಿ ಹಾಕುವ ಕ್ರಮ ಹತ್ತು ಸಾಲುಗಳಲ್ಲಿತ್ತು. ಮೊದಲು ಮಾತು, ಆಮೇಲೆ ಎಚ್ಚರಿಕೆ, ಆಮೇಲೆ ಕ್ಯಾಪ್ಟನ್ನಿನ ಒಪ್ಪಿಗೆ, ಆಮೇಲೆ ಇಬ್ಬರು ಹಿಡಿಯುವುದು, ಒಬ್ಬರು ಪ್ಲಾಸ್ಟಿಕ್ ಪಟ್ಟಿ ಬಿಗಿಯುವುದು, ಹೀಗೆ. ಏಳನೆಯ ಸಾಲು ಇದು: 'ಕಟ್ಟಿದ ಮೇಲೆ ಪ್ರಯಾಣಿಕರು ಉಸಿರು ಕಟ್ಟಿದಂತೆ ನಟಿಸಬಹುದು. ನಂಬಿ ಪಟ್ಟಿ ಸಡಿಲಿಸಬಾರದು.' ಎಂಟನೆಯದರಲ್ಲಿ ಆಗ ಆಡಬೇಕಾದ ಮಾತಿತ್ತು: 'ಸಾರ್, ಶಾಂತವಾಗಿರಿ. ನಿಮಗೇನೂ ಆಗಿಲ್ಲ.' ಪರೀಕ್ಷೆಯಲ್ಲಿ ಏಳನೆಯ ಸಾಲಿಗೆ ಬಂದು ಕರಗಿ ಪಟ್ಟಿ ಸಡಿಲಿಸಿದವರಿಗೆ ಸೊನ್ನೆ.

ಆ ಸಾಲನ್ನು ಬರೆದವನು ಅವನೇ. ಪುಸ್ತಕಕ್ಕೆಂದು ಬರೆದದ್ದಲ್ಲ, ಅಷ್ಟೆ.

ಒಂಬತ್ತು ವರ್ಷದ ಹಿಂದೆ ಅವನೂ ಹಾರುತ್ತಿದ್ದ, ಪರಿಚಾರಕರ ತಂಡದ ಹಿರಿಯನಾಗಿ. ಒಂದು ಮಧ್ಯಾಹ್ನದ ವಿಮಾನದಲ್ಲಿ, ಸೀಟು ನಂಬರು ಇಪ್ಪತ್ತಮೂರರಲ್ಲಿ ಬೂದು ಸ್ವೆಟರು ಹಾಕಿದ ಭಾರೀ ಆಳೊಬ್ಬ ಕೂತಿದ್ದ. ಸತ್ತವರನ್ನೆಲ್ಲ ಸಂಭಾವಿತರನ್ನಾಗಿ ಮಾಡುವ ಅಭ್ಯಾಸ ನಮಗಿದೆ, ಆದ್ದರಿಂದ ಇಲ್ಲೇ ಹೇಳಿಬಿಡಬೇಕು: ಆ ಮನುಷ್ಯ ಸಂಭಾವಿತನಾಗಿರಲಿಲ್ಲ. ಹತ್ತುವಾಗಲೇ ಕುಡಿದಿದ್ದ. ಮುಂದಿನವರು ಸೀಟು ಹಿಂದಕ್ಕೆ ಬಾಗಿಸಿದರೆಂದು ಅವರ ತಲೆಗೂದಲು ಹಿಡಿದು ಎಳೆದ. ಬಿಡಿಸಲು ಹೋದ ಎಳೆಯ ಪರಿಚಾರಕನ ಕಪಾಳಕ್ಕೆ ಬಾರಿಸಿದ. ಅವನನ್ನು ಕಟ್ಟಿದ್ದು ತಪ್ಪಲ್ಲ. ಕೈಗಳನ್ನು ಬೆನ್ನ ಹಿಂದೆ ಸೇರಿಸಿ ಪಟ್ಟಿ ಬಿಗಿದರು, ತಲೆಯನ್ನು ಮೊಣಕಾಲಿಗೆ ಬಗ್ಗಿಸಿದರು. ತಂಡದ ಅತಿ ಚಿಕ್ಕ ಹುಡುಗಿ ಕಾಲು ಹಿಡಿದುಕೊಂಡಳು. ಇವನು ಭುಜದ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಅದುಮಿ ಹಿಡಿದ.

"ಉಸಿರು ಕಟ್ತಿದೆ. ಸ್ವಲ್ಪ ಸಡಿಲ ಮಾಡಿ," ಅಂದ ಆ ಮನುಷ್ಯ.

"ಸಾರ್, ಶಾಂತವಾಗಿರಿ. ನಿಮಗೇನೂ ಆಗಿಲ್ಲ," ಅಂದ ಇವನು.

ಆ ಮನುಷ್ಯ ಅದನ್ನು ಎಷ್ಟು ಸಲ ಹೇಳಿದನೋ. ಆಮೇಲೆ ನೆನಪಿನಲ್ಲಿ ಎಣಿಸಿದಾಗ ಹನ್ನೊಂದು ಸಲ ಬಂತು. ಪ್ರತಿ ಸಲವೂ ಇವನ ಉತ್ತರ ಅದೇ, ದನಿಯೂ ಅದೇ, ಇಪ್ಪತ್ತು ವರ್ಷದ ಅಭ್ಯಾಸದ ನಯವಾದ ದನಿ. ಕೊನೆಗೊಮ್ಮೆ ಆ ಮನುಷ್ಯ ಸುಮ್ಮನಾದ. ಸದ್ಯ ಎಂದು ಇವನು ನೆಟ್ಟಗೆ ನಿಂತು ಟೈ ಸರಿಮಾಡಿಕೊಂಡಾಗ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಇವನು ಸಣ್ಣಗೆ ತಲೆ ಬಾಗಿಸಿದ. ಅದೊಂದನ್ನು ಹೆಂಡತಿಗೂ ಹೇಳಿಲ್ಲ.

ಆಮೇಲಿನ ನಲವತ್ತು ನಿಮಿಷ ಯಾರೂ ಆ ಸೀಟಿನ ಕಡೆ ಹೋಗಲಿಲ್ಲ. ಮಲಗಿರುವವನನ್ನು ಎಬ್ಬಿಸಿ ಮತ್ತೆ ಬೈಸಿಕೊಳ್ಳುವ ಉಸಾಬರಿ ಯಾರಿಗೆ ಬೇಕು. ಇಳಿದ ಮೇಲೆ ಪೊಲೀಸಿನವರು ಬಂದು ಭುಜ ಅಲುಗಿಸಿದಾಗ ಮೈ ಪಕ್ಕಕ್ಕೆ ವಾಲಿತು.

ವರದಿಯನ್ನು ಇವನು ಅಂದೇ ಬರೆದ, ವಿಮಾನ ನಿಲ್ದಾಣದ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ. ಒಂದೇ ಒಂದು ಪದಕ್ಕಾಗಿ ಅರ್ಧ ಗಂಟೆ ಪೆನ್ನು ಕಚ್ಚಿಕೊಂಡು ಕೂತ. ಉಸಿರು ಕಟ್ಟುತ್ತಿದೆ ಎಂದು ಪ್ರಯಾಣಿಕರು 'ಹೇಳಿದರು' ಎಂದು ಬರೆದರೆ, ಹಾಗಾದರೆ ಯಾಕೆ ಸಡಿಲಿಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಉಸಿರು ಕಟ್ಟಿದಂತೆ 'ನಟಿಸಿದರು' ಎಂದು ಬರೆದರೆ ಪ್ರಶ್ನೆ ಹುಟ್ಟುವುದೇ ಇಲ್ಲ. ನಟಿಸಿದರು ಎಂದು ಬರೆದು ಸಹಿ ಮಾಡಿ, ಕಾಲು ಹಿಡಿದಿದ್ದ ಹುಡುಗಿಯ ಕಡೆ ಕಾಗದ ತಳ್ಳಿದ. ಅವಳೂ ಸಹಿ ಹಾಕಿದಳು. ಆ ಮನುಷ್ಯನ ಹೃದಯ ಮೊದಲೇ ದುರ್ಬಲವಾಗಿತ್ತೆಂದು ಡಾಕ್ಟರು ಹೇಳಿದರು, ಫೈಲು ಮುಚ್ಚಿದರು.

ಹಾರುವುದು ಸಾಕಾಗಿ ಇವನು ಬೆನ್ನುನೋವಿನ ನೆಪ ಹೇಳಿ ತರಬೇತಿ ಕೇಂದ್ರ ಸೇರಿಕೊಂಡ. ಮೂರು ವರ್ಷ ಕಳೆದ ಮೇಲೆ ಮೇಲಿನ ಆಫೀಸಿನವರು ಹಳೆಯ ವರದಿಗಳನ್ನೆಲ್ಲ ಜಾಲಾಡಿ ನೀಲಿ ಪುಸ್ತಕ ಮಾಡಿದರು. ಅದನ್ನು ಬಿಡಿಸಿದಾಗ ಏಳನೆಯ ಸಾಲಿನಲ್ಲಿ ಇವನಿಗೆ ತನ್ನದೇ ಪದ ಕಂಡಿತು. ತಾನು ಹೇಳಿದ ಸುಳ್ಳು ಪಾಠವಾಗಿತ್ತು. ಅಂದಿನಿಂದ ಪ್ರತಿ ಶುಕ್ರವಾರ ಇವನು ಆ ಸತ್ತವನ ಮಾತು ಆಡುತ್ತಾನೆ, ಎಳೆಯ ಮಕ್ಕಳು ಇವನ ಮಾತು ಆಡುತ್ತಾರೆ. ಎಷ್ಟು ಬ್ಯಾಚು ಹೋದವೋ.

ಈ ಬ್ಯಾಚಿನಲ್ಲಿ ಅವನ ಮಗಳಿದ್ದಳು.

ಒಮ್ಮೆ ಫೇಲಾಗಿ ಎರಡನೆಯ ಸಲ ಬಂದವಳು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಬೇಡ ಎಂದು ಅವನು ಹೇಳಿ ನೋಡಿದ್ದ, ಅವಳು ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಟೈ ಕುತ್ತಿಗೆಗೆ ಹಾಕಿಕೊಂಡು ಮನೆಯ ಕುರ್ಚಿಗಳಿಗೆಲ್ಲ ನೀರು ಕೊಟ್ಟು ಬಂದ ಹುಡುಗಿ ಅವಳು. ಪರೀಕ್ಷೆಯ ಹಿಂದಿನ ದಿನ, ಗುರುವಾರ, ಅವನು ಬೋಧಕಿಯ ಕೋಣೆಗೆ ಹೋದ. ಬೋಧಕಿ ಬೇರೆ ಯಾರೂ ಅಲ್ಲ, ಅಂದು ಕಾಲು ಹಿಡಿದಿದ್ದ ಹುಡುಗಿಯೇ.

"ಏಳನೇ ಸಾಲು ತೆಗೆದುಬಿಡೋಣ ಅಂತ," ಅಂದ.

ಅವಳು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ಈಗ ಯಾಕೆ ಸಾರ್ ಇದ್ದಕ್ಕಿದ್ದ ಹಾಗೆ?"

"ಯಾಕೆ ಅಂತ ನಿನಗೆ ಗೊತ್ತಿಲ್ವೇನಮ್ಮ."

ಅವಳು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. "ತೆಗೀಬೇಕು ಅಂದ್ರೆ ಕಾರಣ ಬರೆದು ಕೊಡಬೇಕು. ಕಾರಣ ಬರೆದ್ರೆ ಆ ಹಳೇ ವರದಿ ಈಚೆ ಬರುತ್ತೆ. ಅದರಲ್ಲಿ ನಿಮ್ಮ ಸಹಿ ಇದೆ, ಕೆಳಗೆ ನನ್ನದೂ ಇದೆ. ನನಗಾಗ ಇಪ್ಪತ್ತೊಂದು ವರ್ಷ ಸಾರ್. ನೀವು ಹಾಕು ಅಂದ್ರಿ, ಹಾಕಿದೆ."

ಅವಳು ಮತ್ತೆ ತನ್ನ ಕುರ್ಚಿಯಲ್ಲಿ ಕೂತಳು.

"ನಾಳೆ ಮಗಳ ಪರೀಕ್ಷೆ ಇಟ್ಕೊಂಡು ಇವತ್ತು ಇದೆಲ್ಲ ಬೇಕಾ? ಅವಳೊಂದು ಪಾಸಾಗಿ ಹೋಗಲಿ. ಆಮೇಲೆ ನೋಡೋಣ."

ಆಮೇಲೆ ನೋಡೋಣ. ಒಂಬತ್ತು ವರ್ಷದಿಂದ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತೂ ಅದೇ ಆಗಿದ್ದರಿಂದ, ತಲೆಯಾಡಿಸಿ ಎದ್ದು ಬಂದ.

ಮನೆಯಲ್ಲಿ ಮಗಳು ಊಟದ ಮೇಜಿನ ಕುರ್ಚಿಗೆ ದಿಂಬು ಕೂರಿಸಿ ಪಟ್ಟಿ ಬಿಗಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಹೆಂಡತಿ ತಟ್ಟೆ ಒರೆಸುತ್ತ ನೋಡುತ್ತಿದ್ದಳು. "ಇಪ್ಪತ್ತೈದು ವರ್ಷದಿಂದ ನಿಮ್ಮನ್ನ ಮನೇಲಿ ಕಟ್ಟಿ ಹಾಕೋಕೆ ನನ್ನ ಕೈಲಿ ಆಗಲಿಲ್ಲ," ಅಂದಳು. "ಅವಳಾದ್ರೂ ಕಟ್ಟಲಿ ಬಿಡಿ."

ಮಗಳು ನಕ್ಕಳು, ಅವನೂ ನಕ್ಕ.

"ಪುಟ್ಟೀ, ಏಳನೇ ಸಾಲು ಬಂದಾಗ..." ಎಂದು ಶುರುಮಾಡಿದ.

"ಕರಗಬಾರದು. ನಂಬಬಾರದು. ಬಾಯಿಪಾಠ ಆಗಿದೆ ಅಪ್ಪ. ಹೋದ ಸಲ ಬರೀ ಎಚ್ಚರಿಕೆ ಕೊಡೋದು ಮರೆತು ಫೇಲಾದದ್ದು, ನೆನಪಿಲ್ವಾ? ಈ ಸಲ ನೀನು ಎಷ್ಟೇ ಚೆನ್ನಾಗಿ ನಟಿಸಿದ್ರೂ ನಾನು ಬಿಡೋಳಲ್ಲ."

ಅವಳ ಕಣ್ಣಿನಲ್ಲಿದ್ದ ಹುರುಪು ನೋಡಿ ಅವನು ವಾಲಿದ್ದ ದಿಂಬನ್ನು ನೆಟ್ಟಗೆ ಕೂರಿಸಿಕೊಟ್ಟ. ಅವಳು ಪಾಸಾಗಲಿ ಎಂದು ಅವನಿಗೆ ಆಸೆ. ತನ್ನಂತಾಗದಿರಲಿ ಎಂದೂ ಆಸೆ. ಎರಡೂ ಒಟ್ಟಿಗೆ ನಡೆಯುವಂತಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಅವಳ ಸರದಿ. ಅವನು ಬಾಟಲಿಯ ಚಹಾ ಕುಡಿದು, ಮುಂದಿನ ಸೀಟಿಗೆ ಒದ್ದು, ಬಾಯಿಗೆ ಬಂದಂತೆ ಬೈದ. ಅವಳು ಎಲ್ಲವನ್ನೂ ಸರಿಯಾಗಿ ಮಾಡಿದಳು. ಮಾತು, ಎಚ್ಚರಿಕೆ, ಫೋನೆತ್ತಿ ಕ್ಯಾಪ್ಟನ್ನಿನ ಒಪ್ಪಿಗೆ. ಸಹಪಾಠಿಗಳಿಬ್ಬರು ತೋಳು ಹಿಡಿದರು. ಅವಳು ಪಟ್ಟಿ ಬಿಗಿದಳು, ಅವನನ್ನು ಮುಂದಕ್ಕೆ ಬಗ್ಗಿಸಿ ಭುಜದ ಮೇಲೆ ಭಾರ ಹಾಕಿದಳು.

ಬೇರೆ ಮಕ್ಕಳು ಗಲಾಟೆ ಸಾರ್ ಎಂದು ಒಂಚೂರು ಹಗುರವಾಗಿ ಹಿಡಿಯುತ್ತಿದ್ದರು. ಇವಳು ಹಾಗೆ ಹಿಡಿಯಲಿಲ್ಲ. ಅಪ್ಪನೆಂದು ರಿಯಾಯಿತಿ ತೋರಿದಳು ಅನ್ನಿಸಿಕೊಳ್ಳಬಾರದೆಂಬ ಹಟ. ಅವನ ಹೊಟ್ಟೆ ತೊಡೆಗೆ ಒತ್ತಿತು, ಎದೆ ಮೊಣಕಾಲಿಗೆ ಒತ್ತಿತು. ಒಳಗೆಳೆದುಕೊಂಡ ಉಸಿರು ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಎಳೆದ, ಬರಲಿಲ್ಲ. ಕಣ್ಣಿನ ಮುಂದಿದ್ದ ಕಾರ್ಪೆಟ್ಟು ಕಪ್ಪಾಗತೊಡಗಿತು.

ಇಂಥ ಹೊತ್ತಿಗೆಂದೇ ಒಂದು ಗುಟ್ಟಿನ ಪದವಿತ್ತು: ಕಿಟಕಿ. ವೇಷ ಹಾಕಿದವನಿಗೆ ನಿಜವಾಗಿ ಏನಾದರೂ ಆದರೆ ಕಿಟಕಿ ಅಂದರೆ ಸಾಕು, ಎಲ್ಲ ನಿಲ್ಲುತ್ತದೆ. ಪರೀಕ್ಷೆಯೂ ನಿಲ್ಲುತ್ತದೆ, ಮುಂದಿನ ಬ್ಯಾಚಿಗೆ ಹೋಗುತ್ತದೆ. ಅವಳಿಗೆ ಮುಂದಿನ ಬ್ಯಾಚು ಇರಲಿಲ್ಲ. ಪದ ನಾಲಿಗೆಯ ತುದಿಗೆ ಬಂತು, ಅವನು ಆಡಲಿಲ್ಲ.

"ಉಸಿರು ಕಟ್ತಿದೆ. ಸ್ವಲ್ಪ ಸಡಿಲ ಮಾಡಿ," ಅಂದ. ಅದು ಕುಡುಕನ ದನಿಯಾಗಿರಲಿಲ್ಲ.

"ಸಾರ್, ಶಾಂತವಾಗಿರಿ. ನಿಮಗೇನೂ ಆಗಿಲ್ಲ."

"ಪುಟ್ಟೀ. ಉಸಿರು ಕಟ್ತಿದೆ."

ಭುಜದ ಮೇಲಿನ ಕೈ ಒಂದು ಕ್ಷಣ ಹಗುರಾಯಿತು. ಅದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಬಿಡು ಮಗಳೇ, ಸೊನ್ನೆ ಬಂದರೆ ಬರಲಿ, ಬಿಟ್ಟುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಕೈ ಮತ್ತೆ ಬಿಗಿಯಾಯಿತು, ಮೊದಲಿಗಿಂತ ಹೆಚ್ಚು.

"ಸಾರ್, ಶಾಂತವಾಗಿರಿ. ನಿಮಗೇನೂ ಆಗಿಲ್ಲ." ನಯವಾದ ದನಿ. ಅವನದೇ ದನಿ.

ಬೋಧಕಿ ಸೀಟಿ ಊದಿದಳು. ಯಾರೋ ಪಟ್ಟಿ ಕತ್ತರಿಸಿದರು. ಅವನು ಸೀಟಿಗೆ ಒರಗಿ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಾಗ ಬ್ಯಾಚಿನವರೆಲ್ಲ ಚಪ್ಪಾಳೆ ತಟ್ಟಿದರು. ಮಗಳು ಕೆನ್ನೆ ಕೆಂಪಗಾಗಿ ಸಣ್ಣಗೆ ತಲೆ ಬಾಗಿಸಿದಳು. ಬೋಧಕಿ ಪೂರ್ತಿ ಅಂಕ ಬರೆದಳು. ಅವನ ಮುಖ ನೋಡಲಿಲ್ಲ.

ಮಧ್ಯಾಹ್ನ ಅಪ್ಪ ಮಗಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ಅವನ ಮಣಿಕಟ್ಟಿನ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಅವಳು ಆ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು.

"ಪುಟ್ಟೀ ಅಂದೆಯಲ್ಲ, ಅಲ್ಲಿ ನಾನು ಸೋತೇ ಹೋಗಿದ್ದೆ," ಅಂದಳು. "ನಿಜ ಅಂತಲೇ ಅನ್ನಿಸಿಬಿಡ್ತು."

"ನಿಜ ಅನ್ನಿಸ್ತಾ?"

"ಹೂಂ."

"ಮತ್ತೆ ಯಾಕೆ ಸಡಿಲ ಮಾಡಲಿಲ್ಲ?"

"ನಂಬಬಾರದು ಅಂತ ಪುಸ್ತಕದಲ್ಲೇ ಇದೆಯಲ್ಲಪ್ಪ."

"ಪುಸ್ತಕ ಯಾರೋ ಬರೆದಿರ್ತಾರೆ ಮಗಾ."

"ಯಾರೋ ಅಲ್ಲ, ನೀನು." ಅವಳು ನಕ್ಕಳು. "ಏಳನೇ ಸಾಲು ನಿನ್ನ ಅನುಭವದಿಂದ ಬಂದದ್ದು ಅಂತ ಮೇಡಮ್ಮು ಮೊದಲನೇ ವಾರವೇ ಹೇಳಿದ್ರು. ನಿನಗೆ ಹೇಳಬೇಡ ಅಂದಿದ್ರು, ಬೇಜಾರು ಮಾಡ್ಕೋತೀಯ ಅಂತ. ಬೇರೆ ಯಾರಾದ್ರೂ ಬರೆದಿದ್ರೆ ಬಿಟ್ಟುಬಿಡ್ತಿದ್ದೆನೇನೋ. ಅಪ್ಪ ಬರೆದದ್ದು ಅಂತ ನೆನಪಾಯ್ತು. ಇನ್ನೂ ಗಟ್ಟಿಯಾಗಿ ಹಿಡಿದೆ."

ಅವನು ರಸ್ತೆಯ ಕಡೆ ನೋಡಿದ. ಎದುರಿನ ಅಂಗಡಿಯವನು ಬಾಗಿಲಿನ ಮುಂದೆ ನೀರು ಚೆಲ್ಲಿ ಗುಡಿಸುತ್ತಿದ್ದ. ಗುಡಿಸಿ ಒಳಗೆ ಹೋದ.

"ಅವನು ನಟಿಸಿರಲಿಲ್ಲ," ಅಂದ.

"ಯಾರು?"

"ನಾನು ಕಟ್ಟಿದವನು. ಉಸಿರು ಕಟ್ತಿದೆ ಅಂದ, ನಾನು ಬಿಡಲಿಲ್ಲ. ಇಳಿಯೋ ಹೊತ್ತಿಗೆ ಅವನು ಇರಲಿಲ್ಲ. ನಟಿಸಿದರು ಅಂತ ಬರೆದದ್ದು ನಾನು ತಪ್ಪಿಸಿಕೊಳ್ಳೋಕೆ."

ಹೆಬ್ಬೆರಳು ನಿಂತಿತು. ಅವಳು ಆ ಕೆಂಪು ಗುರುತನ್ನು ನೋಡಿದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಇವತ್ತು ನೀನು?"

ಒಂದೇ ಒಂದು ಪದ ಹೇಳಿದ್ದರೆ ಮಗಳು ನೆಮ್ಮದಿಯಾಗಿ ಮನೆಗೆ ಬರುತ್ತಿದ್ದಳು. ಆ ಪದ ಅವನಿಗೆ ಚೆನ್ನಾಗಿ ಗೊತ್ತಿತ್ತು, ಹಿಂದೊಮ್ಮೆ ವರದಿಯಲ್ಲಿ ಬರೆದದ್ದೇ.

"ನಾನೂ ನಟಿಸಿರಲಿಲ್ಲ ಮಗಾ," ಅಂದ.

ಬಸ್ಸು ಬಂದು ನಿಂತಿತು, ಬಾಗಿಲು ತೆರೆದು ಮುಚ್ಚಿಕೊಂಡು ಹೊರಟುಹೋಯಿತು. ಮಗಳು ಅವನ ಕೈಯನ್ನು ಮೆಲ್ಲಗೆ ಅವನ ತೊಡೆಯ ಮೇಲಿಟ್ಟಳು. ಅವನ ಅಂಗಿಯ ಕತ್ತಿನ ಗುಂಡಿ ಬಿಚ್ಚಿದಳು. ಆಮೇಲೆ ಅದರ ಕೆಳಗಿನದನ್ನೂ ಬಿಚ್ಚಿದಳು.