ಎರಡನೆಯ ಸಾಕ್ಷಿ

ನನಗೆ ರಾಜಕೀಯದ ಹುಚ್ಚು ಹಿಡಿಸಿದ್ದು ಒಂದು ಬಸ್ ಸ್ಟಾಪು. ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದವಳು ನಾನು. ನಿವೃತ್ತಿಗೆ ಒಂದು ವರ್ಷ ಇರುವಾಗ ಶಾಲೆಯವರು ಯಾವ ಬಸ್ಸು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಕೆಲಸವನ್ನು ಒಂದು ಎಐಗೆ ಒಪ್ಪಿಸಿದರು. ಅದು ಒಂದನೇ ಕ್ಲಾಸಿನ ಹುಡುಗಿಯೊಬ್ಬಳ ಸ್ಟಾಪನ್ನು ಹೆದ್ದಾರಿಯ ಆಚೆ ಬದಿಗೆ ಹಾಕಿತು. ಸೇಬಿನ ಲಾರಿಗಳು ಎದ್ದುಬಿದ್ದು ಓಡುವ ರಸ್ತೆ ಅದು. ಕಚೇರಿಗೆ ಫೋನ್ ಮಾಡಿದರೆ, "ಅದನ್ನ ಮಾಡಿದ್ದು ನಾವಲ್ಲ ಲಾವರ್ನ್, ಸಿಸ್ಟಮ್ಮು," ಎಂದರು. ಹಾಗಾದರೆ ಸಿಸ್ಟಮ್ಮಿನ ನಂಬರ್ ಕೊಡಿ, ಅದರ ಹತ್ತಿರವೇ ಮಾತಾಡ್ತೀನಿ ಎಂದೆ. ಕೊಡಲಿಲ್ಲ. ವರ್ಷವಿಡೀ ನನಗೆ ಸರಿ ಕಂಡ ಬದಿಯಲ್ಲೇ ಬಸ್ ನಿಲ್ಲಿಸಿದೆ. ಅದಕ್ಕೆ ನೋಟಿಸ್ ಬಂತು. ಇವತ್ತಿಗೂ ಅದು ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ.

ಹಾಗಾಗಿ ನರ್ಸ್ ಆಗಿದ್ದ ರೊಸಾಲ್ವಾ ಕ್ಯಾಂಟು ನಮ್ಮ ಕಣಿವೆಯ ಸಂಸತ್ ಸೀಟಿಗೆ ನಿಂತು, "ಜನರ ವಿಷಯದಲ್ಲಿ ಮೆಷಿನ್ ಏನೇ ತೀರ್ಮಾನ ಮಾಡ್ಲಿ, ಒಬ್ಬ ಮನುಷ್ಯ ಅದನ್ನ ಕಣ್ಣುಬಿಟ್ಟು ನೋಡ್ಲೇಬೇಕು. ಹಾಗಂತ ಕಾನೂನು ತರ್ತೀನಿ," ಎಂದಾಗ, ಮಾರನೆಯ ಬೆಳಿಗ್ಗೆಯೇ ಅವಳ ಪ್ರಚಾರದ ಕಚೇರಿಗೆ ಹೋಗಿ ಕೂತೆ.

ಆಗಸ್ಟಿನ ಪ್ರೈಮರಿ ಎಂಬ ಮೊದಲ ಸುತ್ತಿನಲ್ಲಿ ಮೊದಲ ಎರಡು ಸ್ಥಾನ ಪಡೆದವರು ಮಾತ್ರ ನವೆಂಬರಿನ ಕೊನೆಯ ಸುತ್ತಿಗೆ ನಿಲ್ಲಬಹುದು. ಮೊದಲ ಸ್ಥಾನ ಈಗಿರುವ ಸಂಸದರದು. ಅವರನ್ನು ಅಲ್ಲಾಡಿಸುವವರು ಇಲ್ಲ. ಜಗಳವೆಲ್ಲ ಎರಡನೆಯ ಸ್ಥಾನಕ್ಕೆ. ಅಲ್ಲಿ ರೊಸಾಲ್ವಾಗೆ ಎದುರಾಳಿ ಬ್ರಾಕ್ ಹೆಂಡ್ರಿಕ್ಸ್. ಎಐಗೆ ಕಡಿವಾಣ ಹಾಕಿದರೆ ನದಿಯ ದಂಡೆಗೆ ಬರಲಿರುವ ದೊಡ್ಡ ಕಂಪ್ಯೂಟರ್ ಕೇಂದ್ರ ಪಕ್ಕದ ರಾಜ್ಯದ ಪಾಲಾಗುತ್ತದೆ ಎಂಬುದು ಅವನ ಪಾಠ. ಇಬ್ಬರ ಕಡೆಯಿಂದಲೂ ದಿನಕ್ಕೆ ನಾಲ್ಕೈದು ನುಣುಪು ಪ್ರಚಾರದ ಕಾಗದ ಟಪಾಲಿನಲ್ಲಿ ಬರುತ್ತಿದ್ದವು. ಪಕ್ಕದ ಮನೆಯ ಡೆಲ್ಮರ್ ಸ್ಟೆನ್‌ರೂಡ್ ಹೆಂಡ್ರಿಕ್ಸ್‌ನ ಫಲಕವನ್ನು ನನ್ನ ಅಡಿಗೆಮನೆಯ ಕಿಟಕಿಗೆ ಸರಿಯಾಗಿ ಮುಖ ಮಾಡಿ ನೆಟ್ಟ. ನಾನು ರೊಸಾಲ್ವಾಳದನ್ನು ಅವನ ಜಗುಲಿಗೆ ಮುಖ ಮಾಡಿ ನೆಟ್ಟೆ. ಬೇಲಿ ದಾಟಿದ ನನ್ನ ಚೆರ್ರಿ ಮರದ ಕೊಂಬೆಯನ್ನು ಅವನು ಕಡಿದ ಮೇಲೆ ನಾವಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು.

ಮತದಾನ ಮುಗಿದು ಎರಡನೆಯ ವಾರ. ಎಣಿಕೆ ಇನ್ನೂ ನಡೆಯುತ್ತಿತ್ತು. ನಮ್ಮಲ್ಲಿ ಎಲ್ಲರೂ ಟಪಾಲಿನಲ್ಲೇ ಮತ ಹಾಕುವುದು. ಲಕೋಟೆಯ ಮೇಲಿನ ಸಹಿಯನ್ನು ಮೊದಲು ಮೆಷಿನ್ನು ಹಳೆಯ ಸಹಿಯೊಂದಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಕೌಂಟಿಯವರು, ಅಂದರೆ ಜಿಲ್ಲಾ ಕಚೇರಿಯವರು, ಪತ್ರ ಕಳಿಸುತ್ತಾರೆ. ಗಡುವಿನೊಳಗೆ ಮತ್ತೆ ಸಹಿ ಮಾಡಿ ಕೊಡದಿದ್ದರೆ ಲಕೋಟೆಯನ್ನು ತೆರೆಯುವುದೇ ಇಲ್ಲ. ಹಾಗೆ ಓಟು ನಿಂತುಹೋದವರ ಪಟ್ಟಿ ಯಾರು ಕೇಳಿದರೂ ಸಿಗುತ್ತದೆ. ಎರಡೂ ಕಡೆಯವರು ತಮ್ಮ ತಮ್ಮವರ ಮನೆಗೆ ಓಡುತ್ತಾರೆ.

ಪ್ರಚಾರ ನೋಡಿಕೊಳ್ಳುವ ಡಾರ್ಸಿ ನನ್ನ ಕೈಗೆ ಹದಿನಾಲ್ಕು ಹೆಸರು ಕೊಟ್ಟಳು. ಪ್ರತಿ ಹೆಸರಿನ ಮುಂದೆ ನೂರಕ್ಕೆ ಇಷ್ಟು ಎಂದು ಒಂದು ಅಂಕಿ.

"ಅರವತ್ತಕ್ಕಿಂತ ಕಮ್ಮಿ ಇದ್ದೋರ ಮನೆಗೆ ಹೋಗ್ಬೇಡಿ. ಅವ್ರು ನಮ್ಮೋರಲ್ಲ."

"ಈ ಅಂಕಿ ಹಾಕಿದ್ದು ಯಾರು?"

"ನಮ್ಮ ಆ್ಯಪು."

"ಅದನ್ನ ಯಾರಾದ್ರೂ ಕಣ್ಣುಬಿಟ್ಟು ನೋಡಿದ್ರಾ?"

ಡಾರ್ಸಿಗೆ ಚುರುಕು ಮುಟ್ಟಿತು. "ಲಾವರ್ನ್, ಹನ್ನೊಂದು ಓಟಿಂದ ಹಿಂದಿದ್ದೀವಿ. ನಾಳೆ ಐದು ಗಂಟೆಗೆ ಗಡುವು. ಭಾಷಣ ಆಮೇಲೆ ಕೊಡಿ, ಕಾರಿಗೆ ಪೆಟ್ರೋಲ್ ಇದೆಯಾ ಹೇಳಿ."

ಪಟ್ಟಿಯ ಕೊನೆಯ ಹೆಸರು ಡೆಲ್ಮರ್ ಸ್ಟೆನ್‌ರೂಡ್. ಅಂಕಿ ಆರು.

ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ಅರವತ್ತು ದಾಟಿದ ಒಂಬತ್ತು ಮನೆಗೆ ಹೋದೆ, ಒಂಬತ್ತರಲ್ಲೂ ಸಹಿ ಸಿಕ್ಕಿತು, ಮನೆಗೆ ಬಂದು ಮುಸುಕಿನ ಜೋಳ ಬೇಯಿಸಿಕೊಂಡು ತಿಂದೆ. ಆದರೆ ಮಾರನೆಯ ದಿನ ಹಾಲು ತೆಗೆಯಲು ಫ್ರಿಜ್ಜಿನ ಮುಂದೆ ನಿಂತಾಗಲೆಲ್ಲ ಆ ಬಸ್ ಸ್ಟಾಪಿನ ನೋಟಿಸ್ ಕಣ್ಣಿಗೆ ಬೀಳುತ್ತಿತ್ತು. ಫೆಬ್ರವರಿಯಲ್ಲಿ ಡೆಲ್ಮರ್‌ಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈ ಬಿದ್ದುಹೋಗಿದ್ದನ್ನು ನಾನು ಇದೇ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಸಹಿ ಯಾಕೆ ತಾಳೆಯಾಗಲಿಲ್ಲ ಎಂಬುದು ಕೌಂಟಿಯ ಮೆಷಿನ್ನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮೂರು ಗಂಟೆಗೆ ಬೈದುಕೊಳ್ಳುತ್ತಲೇ ಅವನ ಬಾಗಿಲು ತಟ್ಟಿದೆ.

ಬಾಗಿಲು ತೆರೆದದ್ದು ಅವನ ತಂಗಿ ನೋರೀನ್. ಮೊಣಕೈವರೆಗೂ ಪೀಚ್ ಹಣ್ಣಿನ ರಸ. ಚಳಿಗಾಲಕ್ಕೆ ಬಾಟಲಿಗೆ ತುಂಬಿಡುತ್ತಿದ್ದಳು. ಡೆಲ್ಮರ್ ಮೇಜಿನ ಪಕ್ಕ ಕೂತಿದ್ದ.

"ಏನು ಡ್ರೈವರಮ್ಮ, ದಾರಿ ತಪ್ಪಿದ್ಯಾ?"

"ನಿನ್ನ ಓಟು ನಿಂತುಹೋಗಿದೆ ಮೇಸ್ತ್ರಿ. ಕೌಂಟಿಯಿಂದ ಕಾಗದ ಬರ್ಲಿಲ್ವಾ?"

"ದಿನಾ ಹತ್ತು ಬರುತ್ತೆ. ಎಲ್ಲಾ ಅಲ್ಲಿದೆ." ಎಡಗೈಯಿಂದ ಮೇಜು ತೋರಿಸಿದ. ನೋರೀನ್ ಆ ನುಣುಪು ಕಾಗದಗಳನ್ನೇ ಹಾಸಿ, ಅದರ ಮೇಲೆ ಹಣ್ಣಿನ ಸಿಪ್ಪೆ ಸುರಿದಿದ್ದಳು. ಮೂವರೂ ಸೇರಿ ಸಿಪ್ಪೆ ಕೆದಕಿದೆವು. ಹೆಂಡ್ರಿಕ್ಸ್‌ನ ನಗುಮುಖಕ್ಕೂ ರೊಸಾಲ್ವಾಳ ನಗುಮುಖಕ್ಕೂ ನಡುವೆ ಅಂಟಿಕೊಂಡು ಕೌಂಟಿಯ ಪತ್ರ ಸಿಕ್ಕಿತು.

ಅವನು ಓದಿ ಪತ್ರವನ್ನು ಮೇಜಿನ ಮೇಲಿಟ್ಟ. ನಲವತ್ತು ವರ್ಷ ಹಣ್ಣಿನ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವನು. ಚೆರ್ರಿ ಆರಿಸುವ ಕ್ಯಾಮೆರಾ ಮೆಷಿನ್ ಬಂದಾಗ ಊರೆಲ್ಲ ಶಾಪ ಹಾಕಿದರೆ ಇವನೊಬ್ಬನೇ ಹೊಗಳಿದ್ದ: ನನಗಿಂತ ಚೆನ್ನಾಗಿ ಕೊಳೆತ ಹಣ್ಣು ಹಿಡಿಯುತ್ತೆ ಎಂದು.

"ಈಗ ನಿನ್ನನ್ನೇ ಕೊಳೆತ ಹಣ್ಣು ಅಂತ ಆಚೆಗೆ ತಳ್ಳಿದೆ ನೋಡು," ಎಂದೆ. ಆರು ವರ್ಷ ಕೂಡಿಟ್ಟ ಕೊಂಕು, ಹೊರಗೆ ಬಂದ ಮೇಲೆ ರುಚಿಯೇ ಇರಲಿಲ್ಲ.

"ಎಡಗೈಯಲ್ಲಿ ಬರೆದಿದ್ದೆ," ಎಂದ ಮೆಲ್ಲಗೆ. "ಒಂದು ಗಂಟೆ ಅಭ್ಯಾಸ ಮಾಡಿ ಬರೆದಿದ್ದೆ."

ನಾನು ಪತ್ರ ಎತ್ತಿಕೊಂಡು ಹಿಂಬದಿ ತಿರುಗಿಸಿದೆ.

ಕೈಯಲ್ಲಾಗದವರು ಬರೀ ಗುರುತು ಹಾಕಿದರೆ ಸಾಕು, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕು ಎಂದು ಪತ್ರದ ಹಿಂದೆ ಬರೆದಿತ್ತು. ನೋರೀನ್ ಕೈ ತೊಳೆದುಕೊಂಡು ಬಂದಳು. ಇನ್ನೊಬ್ಬರಿಗಾಗಿ ಮೂವರೂ ಸುತ್ತ ನೋಡಿದೆವು. ಇದ್ದದ್ದು ನಾನೇ.

"ನಾನು ಹಾಕಿರೋದು ಹೆಂಡ್ರಿಕ್ಸ್‌ಗೆ," ಎಂದ ಡೆಲ್ಮರ್.

"ಊರಿಗೇ ಗೊತ್ತು. ನನ್ನ ಕಿಟಕಿಗೂ ಗೊತ್ತು."

"ನಿನ್ನೋಳು ಹಿಂದಿದ್ದಾಳೆ ಅಂತ ರೇಡಿಯೋದಲ್ಲಿ ಹೇಳಿದ್ರು."

"ಗುರುತು ಹಾಕ್ತೀಯೋ ಇಲ್ವೋ? ನನಗೆ ಟೈಮಿಲ್ಲ."

ಅವನು ಎಡಗೈಯಲ್ಲಿ ಒಂದು ಅಡ್ಡ, ಒಂದು ಉದ್ದ ಗೆರೆ ಎಳೆದ. ನೋರೀನ್ ಸಹಿ ಮಾಡಿದಳು. ಅದರ ಕೆಳಗೆ ನಾನು ಪೂರ್ತಿ ಹೆಸರು ಬರೆದೆ: ಲಾವರ್ನ್ ಪ್ರೂಯಿಟ್. ಇನ್ನು ಕೌಂಟಿ ಕಚೇರಿಗೆ ನಲವತ್ತು ನಿಮಿಷದ ದಾರಿ, ಆ ಮನೆಯಲ್ಲಿ ಕಾರು ಓಡಿಸುವವರಿಲ್ಲ.

"ದಾರೀಲಿ ಕಿಟಕಿಯಿಂದ ಎಸೆದುಬಿಟ್ರೆ?" ಎಂದ ಡೆಲ್ಮರ್.

"ಮೂವತ್ತೊಂದು ವರ್ಷ ಈ ಊರಿನ ಮಕ್ಕಳನ್ನ ಹೊತ್ತಿದ್ದೀನಿ. ಒಂದಾದ್ರೂ ಕಿಟಕಿಯಿಂದ ಬಿದ್ದಿದ್ಯಾ?"

ನಾಲ್ಕೂವರೆಗೆ ಕಾಗದ ಕೊಟ್ಟು ರಸೀದಿ ಪಡೆದೆ.

ಮರುಎಣಿಕೆಯೂ ಮುಗಿದ ಮೇಲೆ ರೊಸಾಲ್ವಾ ಸೋತದ್ದು ಒಂದು ಓಟಿನಿಂದ. ಡೆಲ್ಮರ್‌ನ ಓಟು ಸೇರದೆ ಸಮ ಬಂದಿದ್ದರೆ ಚೀಟಿ ಎತ್ತುತ್ತಿದ್ದರು. ಆ ಚೀಟಿಯಲ್ಲಿ ಯಾರ ಹೆಸರು ಬರುತ್ತಿತ್ತೋ ಬಲ್ಲವರಿಲ್ಲ. ಆದರೂ ಎರಡು ದಿನ ನನಗೆ ಅನ್ನನೀರು ಸೇರಲಿಲ್ಲ.

ಕಚೇರಿ ಖಾಲಿ ಮಾಡುವ ದಿನ ರೊಸಾಲ್ವಾಳ ತಾಯಿ ಎಲ್ಲರಿಗೂ ಮುಸುಕಿನ ಜೋಳದ ಕಡುಬಿನಂಥ ತಮಾಲೆ ಮಾಡಿ ತಂದಿದ್ದರು. ಡಾರ್ಸಿ ಗೋಡೆಯ ನಕ್ಷೆ ಕೀಳುತ್ತಾ, "ಒಂದೇ ಒಂದು ಓಟು," ಎಂದು ಹತ್ತನೇ ಸಲ ಹೇಳಿದಳು. ನನ್ನಿಂದ ತಡೆಯಲಾಗಲಿಲ್ಲ. ತಟ್ಟೆ ಕೆಳಗಿಟ್ಟು ಎದ್ದು ನಿಂತೆ, ಡೆಲ್ಮರ್‌ನ ಅಂಕಿಯಿಂದ ಹಿಡಿದು ಕೌಂಟಿಯ ರಸೀದಿಯವರೆಗೆ ಎಲ್ಲವನ್ನೂ ಹೇಳಿದೆ. ಡಾರ್ಸಿ ನಕ್ಷೆ ಹಿಡಿದುಕೊಂಡೇ ಹೊರಗೆ ಹೋದಳು. ಉಳಿದವರು ರೊಸಾಲ್ವಾಳ ಮುಖ ನೋಡಿದರು.

ಡೆಲ್ಮರ್ ಮನೆಗೆ ನಾನೂ ಹೋಗುತ್ತಿದ್ದೆ ಎಂದು ಅವಳು ಹೇಳಬಹುದಿತ್ತು. ಹೇಳಲಿ ಎಂದು ನಾನು ಆಸೆಪಟ್ಟಿದ್ದೆ.

"ನಾನಾಗಿದ್ರೆ ಹೋಗ್ತಿರ್ಲಿಲ್ಲ ಲಾವರ್ನ್," ಎಂದಳು. "ಅರವತ್ತಕ್ಕಿಂತ ಕಮ್ಮಿ ಬೇಡ ಅಂತ ಡಾರ್ಸಿಗೆ ಹೇಳಿದ್ದೇ ನಾನು." ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಕಾನೂನು ಬೇಕು ಅಂತ ಊರೂರು ತಿರುಗಿದೆ. ಅದು ಬೇಕಾಗಿದ್ದು ನನ್ನಂಥೋರನ್ನ ತಡೆಯೋಕೇ."

ಅವಳ ಮೇಲೆ ಸಿಟ್ಟು ಬಂತು. ಮುಂದಿನ ಸಲವೂ ಇವಳಿಗೇ ದುಡಿಯುತ್ತೇನೆ ಎಂದು ಆಗಲೇ ನಿರ್ಧಾರವೂ ಆಯಿತು.

ಮನೆಗೆ ಬಂದು ಅಂಗಳದ ಫಲಕ ಕೀಳಲು ಹೋದರೆ ನೆಲ ಒಣಗಿ ಬಿಗಿಯಾಗಿತ್ತು. ಡೆಲ್ಮರ್ ಕೋಲೂರಿಕೊಂಡು ಬೇಲಿಯ ಸಂದಿಯಿಂದ ಬಂದ. ಕೋಲನ್ನು ನನ್ನ ಕೈಗೆ ಕೊಟ್ಟು, ಎಡಗೈಯಿಂದ ಫಲಕದ ಕಾಲು ಹಿಡಿದು ಅಲ್ಲಾಡಿಸಿದ. ನಾನೂ ಇನ್ನೊಂದು ಕಾಲು ಹಿಡಿದೆ. ಕಿತ್ತು ಬಂತು.

"ಬಿಸಾಡ್ಬೇಡ," ಎಂದ. "ಎರಡು ವರ್ಷಕ್ಕೆ ಮತ್ತೆ ಚುನಾವಣೆ, ಬೇಕಾಗುತ್ತೆ."

"ಆಗ ಇವಳಿಗೆ ಹಾಕ್ತೀಯಾ?"

"ಇಲ್ಲ." ಮಣ್ಣಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಸಾಕ್ಷಿಗೆ ಬರ್ತೀಯಾ?"

"ಬರ್ತೀನಿ," ಎಂದು ಅವನ ಕೋಲು ಅವನಿಗೆ ಕೊಟ್ಟೆ.