ಗುಳ್ಳೆ ನಿಂತ ಮೇಲೆ

ಬನ್ನಿನ ಟ್ರೇಯನ್ನು ಒಲೆಯೊಳಗೆ ತಳ್ಳಿ ಭೀಮೇಶ ಕಬ್ಬಿಣದ ಬಾಗಿಲು ಎಳೆಯುತ್ತಿದ್ದಾಗ ಬೆನ್ನ ಹಿಂದೆ ಏನೋ ಸಿಡಿಯಿತು. ಪಟಾಕಿಯ ಸದ್ದಲ್ಲ. ಮೊಂಡಾದ, ಒಂದೇ ಏಟಿನ ಸದ್ದು. ಹಿಂದೆಯೇ ಗಾಜು ಉದುರಿತು, ಆಮೇಲೆ ಹುಳಿ ವಾಸನೆ ಬಂತು.

ಗಲ್ಲಾದಲ್ಲಿದ್ದ ಬೇಕರಿ ಮಾಲೀಕ ರಂಗನಾಥ್ ಒಳಗೆ ಓಡಿ ಬಂದ. "ಸಿಲಿಂಡರಾ?"

"ಅಲ್ಲಣ್ಣ. ಬಾಟ್ಲಿ."

"ಬಾಟ್ಲಿ ಹಿಂಗೆ ಹೊಡಿತೈತಾ? ಏನಿಟ್ಟಿದ್ದೆ ಅದ್ರಾಗೆ, ಮದ್ದಾ?"

ಭೀಮೇಶ ಬಗ್ಗಿ ನೋಡಿದ. ಒಲೆಯ ಪಕ್ಕದ ರ‍್ಯಾಕಿನಲ್ಲಿ, ಖಾಲಿ ಎಣ್ಣೆ ಡಬ್ಬಗಳ ಹಿಂದೆ ರುಚಿ ನೋಡಲೆಂದು ಅವನೇ ಇಟ್ಟುಕೊಂಡಿದ್ದ ಬಿಯರ್ ಬಾಟಲಿಯ ತಳ ಮಾತ್ರ ಉಳಿದಿತ್ತು. ಒಂದು ಡಬ್ಬಕ್ಕೆ ತೂತು ಬಿದ್ದಿತ್ತು. ಎದುರಿನ ಮೈದಾ ಮೂಟೆಯಲ್ಲಿ ಕಂದು ಗಾಜಿನ ಚೂರೊಂದು ನೆಟ್ಟುಕೊಂಡಿತ್ತು. ಅವನು ಅದನ್ನು ಎಳೆದ. ಅರ್ಧ ಬೆರಳಿನಷ್ಟು ಒಳಗೆ ಹೋಗಿತ್ತು. ಮಲಗಿಸಿದ್ದ ಆ ಮೂಟೆ ಹೆಚ್ಚುಕಡಿಮೆ ಒಂದು ಹೊರಸಿನ ಎತ್ತರ ಇತ್ತು.

ಅಂಥ ಬಾಟಲಿಗಳು ಇನ್ನೂ ಹನ್ನೆರಡು ಇದ್ದವು. ತ್ಯಾವಣಿಗೆಯ ಮನೆಯಲ್ಲಿ, ಬಾಣಂತಿ ತಂಗಿ ಮಲಗುವ ಹೊರಸಿನ ಕೆಳಗೆ.

ಮಾಡು ಎಂದು ಕೇಳಿದವಳು ತಂಗಿ ಅಂಬಿಕಾಳೇ. ಅವಳ ಗಂಡ ಕಲ್ಲೇಶ್ ಜಗಳೂರು ಕಡೆಯ ಸೊಕ್ಕೆಯವನು, ಬೋರ್‌ವೆಲ್ ಲಾರಿ ಓಡಿಸುವವನು. ಬಸುರಿ ಅಂಬಿಕಾಳ ಕುಬುಸದ ಕಾರ್ಯಕ್ಕೆ ಬಂದಾಗ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಅಂದಿದ್ದ: "ಕುರಿ ಕೊಯ್ದಾರೆ, ಜತಿಗೆ ಮಜ್ಜಿಗೆ ಕೊಟ್ಟಾರೆ. ಬಂದಿರೋನು ಅಳಿಯನೋ ಮಠದ ಸ್ವಾಮಿನೋ?" ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಅಪ್ಪನೂ ನಕ್ಕಿದ್ದ. ಅಂಬಿಕಾ ನಕ್ಕಿರಲಿಲ್ಲ. ಅದೇ ಮಾತನ್ನು ಗಂಡನ ಮನೆಯಲ್ಲಿ ದಿನಾ ಕೇಳಬೇಕಾದವಳು ಅವಳು.

"ಅಣ್ಣ, ತೊಟ್ಟಿಲಿಗೆ ಹಾಕೋ ಹೊತ್ತಿಗೆ ಅವ್ರಿಗೆ ಏನಾರ ಒಂದು ಮಾಡಪ್ಪ," ಎಂದಿದ್ದಳು ಹೆರಿಗೆಯಾದ ವಾರಕ್ಕೆ. "ಅಂಗಡಿದು ತಂದ್ರೆ ಅಪ್ಪಂಗೆ ಗೊತ್ತಾಗುತ್ತೆ."

ಅಪ್ಪ ಚಿಕ್ಕಹನುಮಂತಪ್ಪ ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತನಾದವನು. ಒಂದು ಕಾಲಕ್ಕೆ ತನ್ನ ಅಣ್ಣನ ಜೊತೆ ಕೂತು ಚೆನ್ನಾಗಿಯೇ ಕುಡಿದವನು. ಆ ಅಣ್ಣ ರಕ್ತ ಕಾರಿಕೊಂಡು ಸತ್ತ ವರ್ಷ ದೀಕ್ಷೆ ತೆಗೆದುಕೊಂಡ. ದೇವರ ಗೂಡಿನಲ್ಲಿ ಬುದ್ಧನನ್ನೂ ಬಾಬಾಸಾಹೇಬರನ್ನೂ ಇಟ್ಟ. ಅವತ್ತು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟೇ: "ಈ ಮನೆ ಒಳಗೆ ಹೆಂಡ ಬಂದ್ರೆ ನಾನು ಈ ಮನೆ ಒಳಗೆ ಉಣ್ಣಲ್ಲ." ಎರಡನೇ ಸಲ ಹೇಳುವ ಪ್ರಸಂಗ ಯಾರೂ ತಂದಿರಲಿಲ್ಲ.

ತಾನು ಮಾಡಹೊರಟ ಸೈಡರ್ ಹೆಂಡವಲ್ಲ ಎಂದು ಭೀಮೇಶ ತನಗೆ ತಾನೇ ಹೇಳಿಕೊಂಡ. ಸೇಬಿನ ರಸ, ಸಕ್ಕರೆ, ಬ್ರೆಡ್ಡಿಗೆ ಹಾಕುವ ಈಸ್ಟ್, ಇಷ್ಟೇ ತಾನೆ. ಫೋನಿನಲ್ಲಿ ವಿಡಿಯೋ ನೋಡಿದ್ದ. ಚನ್ನಗಿರಿಯಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು ಮಾರುವ ಗೆಳೆಯ ಪ್ರದೀಪ್ ಪೆಟ್ಟಾದ ಸೇಬು ಕೊಟ್ಟ. ಅವನಪ್ಪನ ಕಾಲದ ಸೋಡಾ ಅಂಗಡಿ ಬಾಗಿಲು ಹಾಕಿಕೊಂಡು ಬಿದ್ದಿತ್ತು. ಬಾಟಲಿಗೆ ಬಿರಡೆ ಒತ್ತುವ ಹಳೆಯ ಕೈಮೆಷಿನ್ನೂ ಅಲ್ಲೇ ಇತ್ತು. ಇಬ್ಬರೂ ಸೇಬನ್ನು ಮಿಕ್ಸಿಯಲ್ಲಿ ಅರೆದು, ಪಂಚೆಯಲ್ಲಿ ಹಿಂಡಿ, ರಸವನ್ನು ನೀರಿನ ಕ್ಯಾನಿಗೆ ತುಂಬಿದರು. ಮುಚ್ಚಳಕ್ಕೆ ತೂತು ಕೊರೆದು ಆಸ್ಪತ್ರೆಯ ಗ್ಲೂಕೋಸ್ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಲೋಟದಲ್ಲಿ ಮುಳುಗಿಸಿದರು. ಲೋಟದಲ್ಲಿ ಗುಳ್ಳೆ ಬರುವಷ್ಟು ದಿನ ಒಳಗೆ ಕೆಲಸ ನಡೆದಿದೆ ಎಂದು ಲೆಕ್ಕ. ಮೊದಮೊದಲು ಲೋಟ ಕುದಿಯುವ ಎಸರಿನ ಹಾಗೆ ಗುಳುಗುಳು ಅನ್ನುತ್ತಿತ್ತು.

ಆಮೇಲೆ ಚಳಿ ಇಳಿಯಿತು. ತಗಡಿನ ಸೂರು, ಸಿಮೆಂಟಿನ ನೆಲ. ಒಂದು ಬೆಳಿಗ್ಗೆ ನೋಡಿದರೆ ಲೋಟದ ನೀರು ಅಲುಗದೆ ನಿಂತಿತ್ತು.

"ಆಯ್ತು," ಅಂದ ಭೀಮೇಶ.

ಪ್ರದೀಪ್ ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದ. "ಇನ್ನೂ ಸಿಹಿ ಐತಲ್ಲೋ. ಸಕ್ಕರೆ ಎಲ್ಲಾ ತಿಂದ್ಮೇಲೆ ಅಲ್ವಾ ಅದು ಸುಮ್ಕಾಗೋದು?"

"ಸಿಹಿ ಇದ್ರೆ ಚಲೋನೆ. ಅವ್ನಿಗೆ ಹುಳಿ ಸೇರಲ್ಲ."

"ಆ ವಿಡಿಯೋದೋನು ಗುಳ್ಳೆ ನಿಂತ್ರೂ ಇನ್ನೊಂದಷ್ಟು ದಿನ ಕಾಯಿ ಅಂತಾನೆ."

"ಕಾಯ್ತಾ ಕೂತ್ರೆ ತೊಟ್ಟಿಲ ಕಾರ್ಯ ಮುಗಿದು ಕೂಸು ಓಡಾಡ್ತಿರುತ್ತೆ. ಈಸ್ಟ್ ಕೆಲಸ ನಂಗೆ ಹೇಳಿಕೊಡ್ಬೇಡ. ದಿನಾ ಅದ್ರಾಗೇ ಕೈ ಇಟ್ಕಂಡಿರೋನು ನಾನು."

ಹಳೇ ಬಿಯರ್ ಬಾಟಲಿಗಳಿಗೆ ತುಂಬಿ, ನೊರೆ ಬರಲಿ ಎಂದು ಬಾಟಲಿಗೊಂದು ಚಮಚ ಸಕ್ಕರೆ ಹಾಕಿ, ಮೆಷಿನ್ನಿನ ಹಿಡಿಕೆ ಜಗ್ಗಿ ಜಗ್ಗಿ ಬಿರಡೆ ಒತ್ತಿ, ರಟ್ಟಿನ ಡಬ್ಬದಲ್ಲಿ ಜೋಡಿಸಿದ. ಮನೆಯಲ್ಲಿ ಎಲ್ಲಿಡುವುದು ಎಂಬ ಪ್ರಶ್ನೆಗೆ ಅಂಬಿಕಾ ತಾನು ಮಲಗುವ ಹೊರಸಿನ ಕೆಳಗೆ ತೋರಿಸಿದ್ದಳು. ಅಪ್ಪ ಕಾಲಿಡದ ಜಾಗ ಅದೊಂದೇ. ಸೂತಕ ಮೈಲಿಗೆ ಎಲ್ಲಾ ಸುಳ್ಳು ಎಂದು ನೆಂಟರಿಗೆ ತಾಸುಗಟ್ಟಲೆ ಬೋಧನೆ ಮಾಡುವ ಅಪ್ಪ, ಬಾಣಂತಿ ಕೋಣೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಹೊರಗೇ ನಿಂತು ಕೆಮ್ಮುತ್ತಿದ್ದ. ಅವ್ವ ಕೂಸನ್ನು ಎತ್ತಿ ತೋರಿಸಬೇಕಿತ್ತು.

ಭೀಮೇಶ ಫೋನ್ ತೆಗೆದ. ಕೂಸಿಗೆ ಆಗುವುದಿಲ್ಲವೆಂದು ಅಂಬಿಕಾಳ ಫೋನನ್ನು ಅವ್ವ ಆರಿಸಿಟ್ಟಿದ್ದಳು. ಅವ್ವನದು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಅಪ್ಪನಿಗೆ ಹಚ್ಚಿದ.

"ಏನಪ್ಪ?"

"ಅವ್ವಂಗೆ ಕೊಡು."

"ಕೂಸಿಗೆ ನೀರು ಹಾಕಿ ಈಗ ಕೋಣೆಗೆ ಹೋದ್ಲು. ಕೆಂಡ ಮಾಡ್ಕೊಂಡು ಲೋಬಾನ ಹಾಕ್ತಾ ಅದಾಳೆ. ಏನು ಹೇಳು, ನಾನೇ ಹೇಳ್ತೀನಿ."

ಹೇಳಬಹುದಿತ್ತು. ಹೊರಸಿನ ಕೆಳಗಿನ ಡಬ್ಬ ತೆಗಿಸು, ಅವರನ್ನು ಹೊರಗೆ ಕರಿ, ಇಷ್ಟೇ ಮಾತು. ನಾಲಿಗೆಯ ತುದಿಗೂ ಬಂದಿತ್ತು.

"ಏನಿಲ್ಲ. ಬರ್ತಾ ಇದೀನಿ," ಎಂದು ಫೋನ್ ಇಟ್ಟ.

ಏಪ್ರನ್ ಕಟ್ಟಿಕೊಂಡೇ ಬೈಕ್ ಹತ್ತಿದ. ದಾರಿಯುದ್ದಕ್ಕೂ ತೋಟ, ಗದ್ದೆ, ಭತ್ತ ಒಣಗಲು ಹಾಕಿ ಅರ್ಧ ರಸ್ತೆ ನುಂಗಿದವರು. ಯಾವುದೂ ಅವನ ಕಣ್ಣಿಗೆ ನಿಲ್ಲಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಹಿಟ್ಟಿನ ಬಾನಿ. ಚಳಿಗಾಲದ ಬೆಳಿಗ್ಗೆ ಹಿಟ್ಟು ಉಬ್ಬದೆ ಹೆಂಟೆಯ ಹಾಗೆ ಬಿದ್ದಿರುತ್ತದೆ. ಕೆಟ್ಟಿತು ಎಂದು ಯಾರೂ ಎಸೆಯುವುದಿಲ್ಲ. ಒಲೆಯ ಪಕ್ಕ ತಂದಿಟ್ಟರೆ ಮುಚ್ಚಿದ ಬಟ್ಟೆಯನ್ನೇ ಎತ್ತಿಕೊಂಡು ಮೇಲೆ ಬರುತ್ತದೆ. ವರ್ಷವರ್ಷವೂ ಇದೇ ಕೈಯಿಂದ ಅದನ್ನು ಮಾಡಿದವನು ಅವನು. ಸೋಡಾ ಅಂಗಡಿಯಲ್ಲಿ ಗುಳ್ಳೆ ನಿಂತದ್ದು ಕೆಲಸ ಮುಗಿದು ಅಲ್ಲ, ಚಳಿಗೆ. ಈಗ ಅವ್ವ ಅದರ ಪಕ್ಕ ಕೆಂಡ ಇಡುತ್ತಿದ್ದಾಳೆ.

ಮನೆಯ ಮುಂದೆ ನಾಳೆಯ ಕಾರ್ಯಕ್ಕೆ ಶಾಮಿಯಾನ ಕಟ್ಟಿತ್ತು. ಅಪ್ಪ ಬಾಡಿಗೆಗೆ ತಂದ ಲೋಟಗಳನ್ನು ಒರೆಸಿ ಸಾಲಾಗಿ ಜೋಡಿಸುತ್ತಿದ್ದ. ಭೀಮೇಶ ಚಪ್ಪಲಿಯನ್ನೂ ಬಿಡದೆ ಕೋಣೆಗೆ ನುಗ್ಗಿದ.

ಒಳಗೆ ಕಿಟಕಿ ಮುಚ್ಚಿತ್ತು. ಲೋಬಾನದ ಹೊಗೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಕೆಂಡದ ಬಾಂಡ್ಲಿ ಹೊರಸಿನ ಕೆಳಗೇ ಇತ್ತು. ತಲೆಗೆ ಬಟ್ಟೆ ಬಿಗಿದುಕೊಂಡ ಅಂಬಿಕಾ ಮೇಲೆ ಮಲಗಿದ್ದಳು. ಕೂಸು ಅವಳ ಪಕ್ಕೆಗೆ ಅಂಟಿಕೊಂಡಿತ್ತು.

"ಚಪ್ಲಿ ಹಾಕ್ಕೊಂಡು ಬರ್ತೀಯಲ್ಲೋ, ಮೂಳ," ಅಂದಳು ಅವ್ವ ಅಂಜಿನಮ್ಮ.

"ಕೂಸು ಎತ್ಕೊ. ಹೊರಗೆ ನಡಿರಿ."

"ಯಾಕೆ? ಹಸಿ ಬಾಣಂತಿ, ಗಾಳಿಗೆ ಹೋಗು ಅಂತೀಯಾ?"

ಅಂಬಿಕಾ ಅಣ್ಣನ ಮುಖ ನೋಡಿದಳು. ಕೂಸನ್ನು ಎದೆಗೆ ಒತ್ತಿಕೊಂಡು ಎದ್ದು ಅವ್ವನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು.

ಅವನು ಬಾಂಡ್ಲಿಯನ್ನು ಕಾಲಿನಿಂದ ಮೂಲೆಗೆ ತಳ್ಳಿದ. ರಟ್ಟಿನ ಡಬ್ಬದ ಒಂದು ಮಗ್ಗುಲು ರೊಟ್ಟಿ ಹಂಚಿನ ಹಾಗೆ ಬಿಸಿಯಾಗಿತ್ತು. ಒಳಗಿನಿಂದ ಸಣ್ಣಗೆ ಸುಯ್ ಅನ್ನುವ ಸದ್ದು ಬರುತ್ತಿತ್ತು. ಮೂಲೆಯ ಬಕೆಟಿನಲ್ಲಿ ಕೌದಿ ಅದ್ದಿ ಡಬ್ಬದ ಮೇಲೆ ಹೊದಿಸಿದ. ಎತ್ತಲು ಹೋದರೆ ತಳ ಬಾಯಿ ಬಿಟ್ಟಿತು. ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ.

ಹೊಸ್ತಿಲ ಆಚೆ ಅಪ್ಪ ನಿಂತಿದ್ದ. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಒಂದು ಗಳಿಗೆ ಮಗನನ್ನು ನೋಡಿ, ಒಳಗೆ ಬಂದು ಬಗ್ಗಿ ಡಬ್ಬದ ತಳಕ್ಕೆ ಕೈ ಕೊಟ್ಟ.

"ನಡಿ."

ಅಡುಗೆಮನೆ ದಾಟುವಾಗ ಒಂದು ಬಾಟಲಿ ಹೋಯಿತು. ಏಟು ಇಬ್ಬರ ತೋಳಿಗೂ ತಟ್ಟಿತು. ಒದ್ದೆ ಕೌದಿಯೊಳಗಿಂದ ಹುಳಿ, ಸಿಹಿ, ಕೊಳೆತ ಹಣ್ಣಿನ ವಾಸನೆ ಎದ್ದು ಮನೆ ತುಂಬಿತು. ಅಪ್ಪನ ಹೆಜ್ಜೆ ನಿಂತಿತು. ಮೂಗಿನ ಹೊಳ್ಳೆ ಒಮ್ಮೆ ಅರಳಿದ್ದನ್ನು ಭೀಮೇಶ ಕಂಡ. ಡಬ್ಬ ಕೈಬಿಡುತ್ತಾನೆ ಎಂದುಕೊಂಡ. ಅಪ್ಪ ಬಿಡಲಿಲ್ಲ. ಅವನ ಮುಂಗೈಯಿಂದ ರಕ್ತ ಇಳಿಯುತ್ತಿತ್ತು.

ಹಿತ್ತಿಲಲ್ಲಿ ನಾಳೆಯ ಎಂಜಲೆಲೆ ಹಾಕಲೆಂದು ತೋಡಿದ್ದ ಗುಂಡಿಗೆ ಡಬ್ಬ ಇಳಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರಕ್ಕೆ ಹಿಂದೆ ಸರಿದರು. ಅಪ್ಪ ಒರೆಸುವ ಬಟ್ಟೆಯನ್ನೇ ಮುಂಗೈಗೆ ಸುತ್ತಿ ಹಲ್ಲಿನಿಂದ ಗಂಟು ಬಿಗಿದ.

"ಎಷ್ಟದಾವೆ?"

"ಹನ್ನೆರಡು. ಒಂದು ಹೋಯ್ತಲ್ಲ."

ಗುಂಡಿಯೊಳಗೆ ಇನ್ನೊಂದು ಸಿಡಿಯಿತು. ಗೋಣಿಚೀಲ ಉಬ್ಬಿ ಕೂತಿತು.

"ಯಾರಿಗೆ ಮಾಡಿದ್ದು ಅಂತ ನಾನು ಕೇಳಲ್ಲ," ಅಂದ ಅಪ್ಪ. ದನಿ ಏರಿರಲಿಲ್ಲ. "ಫೋನ್ನಾಗೆ ಏನು ಅಂತ ಕೇಳ್ದೆ. ಏನಿಲ್ಲ ಅಂದೆ. ಅಲ್ಲಿಂದ ಇಲ್ಲಿಗೆ ಬರಾಕೆ ಎಷ್ಟು ಹೊತ್ತು ಹಿಡಿತು ನಿಂಗೆ?"

ಭೀಮೇಶ ಏಪ್ರನ್ನಿನ ತುದಿಯನ್ನು ಹಿಂಡುತ್ತಾ ನಿಂತ.

ಮಧ್ಯಾಹ್ನವೆಲ್ಲ ಅವು ಬಿಟ್ಟು ಬಿಟ್ಟು ಸಿಡಿದವು. ಪ್ರತಿ ಸಲವೂ ಒಳಗೆ ಕೂಸು ಬೆಚ್ಚಿ ಅಳುತ್ತಿತ್ತು, ಅವ್ವ ಜೋಗುಳ ಹೇಳುತ್ತಿದ್ದಳು. ಭೀಮೇಶ ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದ. ಹೊತ್ತು ಇಳಿಯುವ ಹೊತ್ತಿಗೆ ಅಡುಗೆಮನೆಯದೂ ಸೇರಿ ಹನ್ನೊಂದಾಗಿತ್ತು. ಹನ್ನೆರಡನೆಯದು ಸಿಡಿಯಲಿಲ್ಲ. ಕೆಂಡದಿಂದ ದೂರದ ಮೂಲೆಯಲ್ಲಿ ಇದ್ದದ್ದಿರಬಹುದು. ಅದರ ಬಿರಡೆ ಸಡಿಲ ಇದ್ದು ಗಾಳಿ ಹೋಗಿರಬಹುದು. ಅಥವಾ ಇನ್ನೂ ಸ್ವಲ್ಪ ಹೊತ್ತು ಬೇಕಿರಬಹುದು. ಈಸ್ಟ್ ಕೆಲಸ ಬಲ್ಲ ಭೀಮೇಶನಿಗೆ ಯಾವುದೂ ಗೊತ್ತಾಗಲಿಲ್ಲ.

ಕೋಲಿನಿಂದ ಚೀಲ ಸರಿಸಿ ನೋಡಲು ಒಂದು ಹೆಜ್ಜೆ ಮುಂದಿಟ್ಟ.

"ಮುಟ್ಟಬೇಡ," ಅಂದ ಅಪ್ಪ.

ದೀಪ ಹಚ್ಚುವ ಹೊತ್ತಿಗೆ ಕಲ್ಲೇಶ್ ಬಂದ. ಕೈಯಲ್ಲಿ ಕೂಸಿನ ಬೆಳ್ಳಿ ಕಾಲ್ಗಡಗದ ಡಬ್ಬಿ ಇತ್ತು. ಹೊಸ ಅಂಗಿ ಹಾಕಿದ್ದ. ನೇರ ಹಿತ್ತಿಲಿಗೆ ಬಂದು ಮೂಗು ಎಳೆದು ಭೀಮೇಶನ ಹೆಗಲಿಗೆ ಹೆಗಲು ತಾಗಿಸಿದ.

"ಏನ್ ಭಾವ, ವಾಸನೆ ಜೋರೈತೆ. ಮಠ ಮುಚ್ಚಿದ್ರಾ?"

ಯಾರೂ ನಗಲಿಲ್ಲ. ಕಲ್ಲೇಶ್ ಮಾವನ ಕೈಗೆ ಸುತ್ತಿದ್ದ ಬಟ್ಟೆ ನೋಡಿದ, ಅದರ ಮೇಲಿನ ಕಲೆ ನೋಡಿದ, ಗುಂಡಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಅಂಬಿಕಾ ತಲೆ ತಗ್ಗಿಸಿದಳು. ಅವನು ಕಾಲ್ಗಡಗದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದ.

ಊಟಕ್ಕೆ ಹಾಕಿದರು. ಅವ್ವ ಹಿಂಬಾಗಿಲಿಗೆ ಬಂದು ಅಪ್ಪನನ್ನು ಕರೆದಳು. "ಬಾ, ಅಳಿಯ ನಿನಗೇ ಕಾಯ್ತಾ ಅದಾನೆ. ಅವ್ನು ತಟ್ಟೆ ಮುಟ್ಟಿಲ್ಲ."

"ಅವ್ನಿಗೆ ಉಣ್ಣಾಕೆ ಹೇಳು."

"ನೀನು?"

"ನಂದು ಇಲ್ಲಿ ಕೊಡು."

ಅವ್ವ ಗಂಡನನ್ನು ನೋಡಿದಳು, ಮಗನನ್ನು ನೋಡಿದಳು. ಒಳಗೆ ಹೋಗಿ ಮುದ್ದೆ ಸಾರಿನ ತಟ್ಟೆ, ಒಂದು ಚೊಂಬು ನೀರು ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು.

ಅಪ್ಪ ಕೈ ತೊಳೆದು, ಮನೆಗೆ ಬೆನ್ನು ಮಾಡಿ, ಬಾಗಿಲಿಗೂ ಗುಂಡಿಗೂ ನಡುವೆ ಆ ಕಲ್ಲಿನ ಮೇಲೆ ಕೂತ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಯ ತನಕ ತಂದವನು ಅಲ್ಲೇ ಕೈ ನಿಲ್ಲಿಸಿ ಕಿವಿಗೊಟ್ಟ. ಆಮೇಲೆ ನುಂಗಿದ. ಮತ್ತೆ ಮುರಿದ.