ಸ್ಥಳೀಯ ಮಹಿಳೆಯ ಹೇಳಿಕೆ

ಹಿರೇಕೊಡಿಗೆಯ ಸಣ್ಣಕ್ಕ ಜಗಳಗಂಟಿಯಲ್ಲ. ಆದರೆ ತಾನು ಆಡದ ಮಾತನ್ನು ತನ್ನ ಬಾಯಿಗೆ ತುರುಕಿದವರನ್ನು ಸುಮ್ಮನೆ ಬಿಡುವ ಹೆಂಗಸೂ ಅಲ್ಲ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ವಾರಕ್ಕೆ ಮೂರು ದಿನ ಬಸ್ಸು ಹತ್ತಿ, ಕೊಪ್ಪದ ಗ್ರಂಥಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತದ್ದು ಅದಕ್ಕಾಗಿಯೇ.

ಶುರುವಾದದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ, ಊರಿನ ಬಸ್‌ ಸ್ಟಾಪಿನಲ್ಲಿ. ಶೃಂಗೇರಿಯಲ್ಲಿ ಕಾಲೇಜು ಓದುವ ಅನನ್ಯ ಎಂಬ ಹುಡುಗಿ ನೆಂಟರ ಮನೆಗೆ ಬಂದವಳು, ಒಂದು ಕಟ್ಟು ಕೆಸುವಿನೆಲೆ ಹಿಡಿದು ನಿಂತಿದ್ದಳು. ಪತ್ರೊಡೆ ಮಾಡಿ ಹಾಸ್ಟೆಲಿನ ಗೆಳತಿಯರಿಗೆಲ್ಲ ತಿನ್ನಿಸುವ ಹುಮ್ಮಸ್ಸು ಅವಳಿಗೆ. ಸಣ್ಣಕ್ಕ ಹತ್ತಿರ ಹೋಗಿ ಒಂದು ಎಲೆಯ ತೊಟ್ಟು ತಿರುಗಿಸಿ ನೋಡಿದಳು. ನೋಡಿದವಳೇ ಇಡೀ ಕಟ್ಟನ್ನು ಕಿತ್ತುಕೊಂಡು ಚರಂಡಿಗೆ ಎಸೆದಳು.

"ಎಂತ ಅಜ್ಜಿ ನೀವು!" ಹುಡುಗಿಗೆ ಅಳುವೇ ಬಂತು.

"ಇದು ಮರಕೆಸ ಅಲ್ಲ ಮಾರಾಯ್ತಿ, ನೆಲದ ಕಾಡುಕೆಸ. ಎಷ್ಟು ಹುಳಿ ಹಾಕಿದ್ರೂ ಇದ್ರ ತುರಿಕೆ ಬಗ್ಗಲ್ಲ. ತಿಂದ್ರೆ ಗಂಟಲು ಊದಿ ಆಸ್ಪತ್ರೆ ಸೇರ್ತಿದ್ರಿ ಎಲ್ಲ."

"ಇಲ್ಲಿ ತಿನ್ನಬಹುದು ಅಂತ ಬರ್ದಿದೆ, ನೋಡಿ" ಎಂದು ಅನನ್ಯ ಫೋನು ತೋರಿಸಿದಳು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ. ದಪ್ಪ ಹಾಳೆಗೆ ಅಂಟಿಸಿದ ಒಣಗಿದ ಗಿಡ, ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕು ಸಾಲು. ಸಣ್ಣಕ್ಕ ನಾಲ್ಕನೆಯ ತರಗತಿಯವರೆಗೆ ಓದಿದವಳು. ಕನ್ನಡ ಓದಬಲ್ಲಳು, ಇಂಗ್ಲಿಷ್ ಬಾರದು. ಹುಡುಗಿ ಓದಿ ಹೇಳಿದಳು: "ಸ್ಥಳ ಹಿರೇಕೊಡಿಗೆ, ಕೊಪ್ಪ ತಾಲೂಕು. ವರ್ಷ ೧೯೯೪. ಸಂಗ್ರಹಿಸಿದವರು ಡಾಕ್ಟರ್ ಶ್ರೀಕಾಂತ. ಸ್ಥಳೀಯ ಮಹಿಳೆಯೊಬ್ಬಳ ಹೇಳಿಕೆಯಂತೆ ಇದು ಮರಕೆಸು, ಎಲೆ ತಿನ್ನಲು ಯೋಗ್ಯ."

ಸಣ್ಣಕ್ಕ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಆ ವರ್ಷ ಮತ್ತು ಅದರ ಹಿಂದಿನ ವರ್ಷ, ಎರಡು ಮಳೆಗಾಲ ಪೂರ್ತಿ, ಗಿಡ ಸಂಗ್ರಹಿಸಲು ಬಂದಿದ್ದ ಶ್ರೀಕಾಂತ ಮೇಷ್ಟ್ರಿಗೆ ಗುಡ್ಡ ತೋರಿಸಿದವಳು ಅವಳು. ಅವಳು ಗಿಡ ತೋರಿಸಿ ಹೆಸರು ಹೇಳುವುದು, ಅವರು ಬರೆದುಕೊಳ್ಳುವುದು. ಬೇರೆ ಯಾವ ಹೆಂಗಸೂ ಅವರ ಜೊತೆ ಕಾಡಿಗೆ ಹೋಗಿರಲಿಲ್ಲ.

"ಆ ಸ್ಥಳೀಯ ಮಹಿಳೆ ನಾನೇ" ಎಂದಳು. "ನಾನು ಹಂಗೆ ಹೇಳೇ ಇಲ್ಲ."

ಮರುದಿನ ಅವಳು ಗ್ರಂಥಾಲಯದಲ್ಲಿದ್ದಳು. ಅಲ್ಲಿನ ಗ್ರಂಥಪಾಲಕಿ ಭಾರ್ಗವಿ ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಸಣ್ಣಕ್ಕನ ಮಾತು ಪೂರ್ತಿ ಕೇಳಿ, ಚಿತ್ರದ ಅಂಚಿನಲ್ಲಿದ್ದ ಹೆಸರು ಹಿಡಿದು ಆ ವೆಬ್‌ಸೈಟು ತೆಗೆದಳು. ಅದು ದೂರದ ಒಂದು ವಿಶ್ವವಿದ್ಯಾಲಯದ್ದು. ಒಣಗಿಸಿಟ್ಟ ಗಿಡಗಳ ಹಾಳೆಗಳನ್ನೆಲ್ಲ ಫೋಟೋ ತೆಗೆದು ಹಾಕಿದ್ದರು. ಫೋನಿಗೆ ಬಂದ ಚಿತ್ರದಲ್ಲಿ ಹಾಳೆಯ ನಂಬರು ಕತ್ತರಿಸಿ ಹೋಗಿತ್ತು. ಮರಕೆಸು ಅಂತ ಹುಡುಕಿದರೆ ಏನೂ ಸಿಗಲಿಲ್ಲ. ಯಾವ ಸ್ಪೆಲ್ಲಿಂಗಿನಲ್ಲಿ ಬರೆದಿದ್ದರೋ ದೇವರೇ ಬಲ್ಲ. ಕೊಪ್ಪ ಅಂತ ಹುಡುಕಿದಾಗ ಒಂಬೈನೂರ ಮೂವತ್ತಾರು ಹಾಳೆ ಬಂದವು. ಪುಟಕ್ಕೆ ಇಪ್ಪತ್ತರಂತೆ ನಲವತ್ತೇಳು ಪುಟ.

"ಇಷ್ಟೂ ನೋಡಬೇಕಾಗ್ತದೆ ಸಣ್ಣಕ್ಕ" ಎಂದಳು ಭಾರ್ಗವಿ.

"ನೋಡುವ. ನನಗೆಂತ ಅವಸರ ಇಲ್ಲ."

ಒಬ್ಬರಿಗೆ ದಿನಕ್ಕೆ ಒಂದು ಗಂಟೆ ಎಂಬುದು ಅಲ್ಲಿನ ನಿಯಮ. ಆ ಗಂಟೆಯಲ್ಲಿ ನಾಲ್ಕು ಪುಟ ದಾಟಿದರೆ ಹೆಚ್ಚು. ನಡುವೆ ಕರೆಂಟು ಹೋದರೆ ಹುಡುಕಿದ್ದೆಲ್ಲ ಅಳಿಸಿ ಮತ್ತೆ ಮೊದಲ ಪುಟಕ್ಕೇ ಬರುತ್ತಿತ್ತು. ಆಮೇಲೆ ಭಾರ್ಗವಿ ಉಪಾಯ ಕಂಡುಕೊಂಡಳು: ಮೇಲಿನ ವಿಳಾಸದ ಕೊನೆಯಲ್ಲಿರುವ ಅಂಕಿ ಬದಲಿಸಿದರೆ ಬೇಕಾದ ಪುಟಕ್ಕೆ ನೇರ ಹೋಗಬಹುದು. ಆ ದಿನ ಇಬ್ಬರೂ ಮೂಲೆಯ ಹೋಟೆಲಿನಲ್ಲಿ ಚಾ ಕುಡಿದರು.

ಸಣ್ಣಕ್ಕ ಹುಡುಕುತ್ತಿದ್ದದ್ದು ಒಂದೇ ಹಾಳೆಯನ್ನು. ಆದರೆ ಒಂದೊಂದು ಚಿತ್ರ ಬಂದಾಗಲೂ ಅವಳ ಕೈ ಮೇಲೇಳುತ್ತಿತ್ತು. "ತಡೀರಿ, ತಡೀರಿ. ಇದು ಕರಿಯಕ್ಕನ ಗದ್ದೆ ಬದುವಿಂದು. ಕೀಳುವಾಗ ಮೇಷ್ಟ್ರ ಕಾಲಿಗೆ ರಕ್ತ ಹೀರೋ ಇಂಬಳ ಹತ್ತಿ ಅವ್ರು ಕುಣಿದುಬಿಟ್ಟಿದ್ರು. ಎಂತ ಬರ್ದಿದೆ ಇದ್ರಲ್ಲಿ?"

ಭಾರ್ಗವಿ ಓದಿದಳು. "ಸ್ಥಳೀಯ ಹೆಸರು, ತಿಳಿದಿಲ್ಲ. ಬಳಕೆ, ತಿಳಿದಿಲ್ಲ."

"ಯಾರಿಗೆ ತಿಳಿದಿಲ್ಲ?"

ಮುಂದಿನ ಸಲ ಬರುವಾಗ ಸಣ್ಣಕ್ಕ ಒಂದು ನೋಟ್‌ಬುಕ್ ತಂದಳು. ಹಾಳೆಯ ನಂಬರು, ಅದಕ್ಕೆ ಸರಿಯಾದ ಹೆಸರು, ಎಲ್ಲಿ ಬೆಳೆಯುತ್ತದೆ, ಯಾತಕ್ಕೆ ಬರುತ್ತದೆ, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಂಡಳು. ಮೂವತ್ತೊಂದನೆಯ ಪುಟದಲ್ಲಿ ಕೆಸುವಿನ ಹಾಳೆ ಸಿಕ್ಕುವ ಹೊತ್ತಿಗೆ ಅವಳು ತಪ್ಪು ಹಿಡಿದದ್ದು ಅರವತ್ತಕ್ಕೆ ಮುಟ್ಟಿತ್ತು.

ಪ್ರತಿ ಹಾಳೆಯ ಕೆಳಗೆ ಅಭಿಪ್ರಾಯ ಬರೆಯಲು ಒಂದು ಜಾಗವಿತ್ತು. ಭಾರ್ಗವಿ ಅಲ್ಲಿ ಕೆಸುವಿನ ತಪ್ಪನ್ನು ಬರೆದು, ತನ್ನ ಫೋನ್ ನಂಬರು ಹಾಕಿ ಕಳಿಸಿದಳು. ಹತ್ತು ದಿನದ ಮೇಲೆ ಫೋನು ಬಂತು. ಆ ವೆಬ್‌ಸೈಟು ನೋಡಿಕೊಳ್ಳುವ ಶಿವಕಿರಣ ಎಂಬ ಸಂಶೋಧಕ. ವಿನಯದಿಂದಲೇ ಮಾತಾಡಿದ. ಭಾರ್ಗವಿ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು.

"ಅಮ್ಮ, ಶ್ರೀಕಾಂತ ಸರ್ ದೊಡ್ಡ ವಿದ್ವಾಂಸರು. ತೀರಿಹೋಗಿ ಆರು ವರ್ಷ ಆಯ್ತು. ಅವರ ದಾಖಲೆಯನ್ನ ಬಾಯಿಮಾತಿನ ಮೇಲೆ ಬದಲಾಯಿಸೋಕೆ ಬರೋದಿಲ್ಲ. ಯಾವುದಾದ್ರೂ ಪುಸ್ತಕದ ಆಧಾರ ಬೇಕು."

"ಅವತ್ತು ಮೇಷ್ಟ್ರು ಬರ್ಕೊಂಡಿದ್ದು ಎಂತದು ಮಾರಾಯ? ನನ್ನ ಬಾಯಿಮಾತೇ ತಾನೆ? ಬರ್ಕೊಳ್ಳುವಾಗ ಬಾಯಿ ಸಾಕಾಗಿತ್ತು, ತಿದ್ದುವಾಗ ಪುಸ್ತಕ ಬೇಕಾ?"

ಸಣ್ಣಕ್ಕ ಫೋನಿನತ್ತ ಬಾಗಿದಳು.

"ಇನ್ನೊಂದು ಕೇಳ್ತೀನಿ. ಆ ಫೋಟೋದಲ್ಲಿ ಗೆಡ್ಡೆ ನೋಡು. ಕೆಂಪು ಮಣ್ಣು ಅಂಟಿದೆ. ಮರಕೆಸ ಬೆಳೆಯೋದು ಮರದ ಕವಲಲ್ಲಿ. ಅಲ್ಲಿಗೆ ಕೆಂಪು ಮಣ್ಣು ಯಾರು ಹೊತ್ತರು?"

"ಪರಿಶೀಲನೆ ಮಾಡ್ತೀವಿ ಅಮ್ಮ. ಆದ್ರೆ ಸ್ವಲ್ಪ ಸಮಯ..."

"ಸಮಯ ತಗೋ. ಅಲ್ಲಿವರೆಗೆ ದಿನಾ ಒಂದೊಂದು ಕಳಿಸ್ತಿರ್ತೀನಿ. ಅರವತ್ತಿದೆ. ಇನ್ನೂ ಹದಿನಾರು ಪುಟ ನೋಡೋದು ಬಾಕಿ."

ಹೇಳಿದಂತೆಯೇ ಮಾಡಿದಳು. ತಾನು ಬಾರದ ದಿನಗಳಲ್ಲಿ ಊರಿನಿಂದ ಫೋನು ಮಾಡಿ ಹೇಳುವಳು, ಭಾರ್ಗವಿ ಕಳಿಸುವಳು. ಗ್ರಂಥಾಲಯಕ್ಕೆ ಪೇಪರು ಓದಲು ಬರುವ ಧರ್ಮಪ್ಪ ಎಂಬ ನಿವೃತ್ತ ಗುಮಾಸ್ತ ಒಂದು ದಿನ ತಡೆಯಲಾರದೆ, "ಈ ವಯಸ್ಸಲ್ಲಿ ಎಂತಕ್ಕೆ ಸಣ್ಣಕ್ಕ ಇದೆಲ್ಲ? ಯಾರು ನೋಡ್ತಾರೆ ಅದನ್ನ?" ಎಂದ.

"ಒಬ್ಬಳು ಹುಡುಗಿ ನೋಡಿದ್ಲಲ್ಲ" ಎಂದಳು ಸಣ್ಣಕ್ಕ, ತಲೆ ಎತ್ತದೆ.

ಹದಿನೇಳನೆಯದು ಕಳಿಸಿದ ದಿನ ಶಿವಕಿರಣ ಮತ್ತೆ ಫೋನು ಮಾಡಿದ. ಧ್ವನಿ ಬೇರೆಯಾಗಿತ್ತು. ಶ್ರೀಕಾಂತರ ಮನೆಯವರನ್ನು ಕೇಳಿ, ಅವರು ಕಾಡಿನಲ್ಲಿ ಬರೆದುಕೊಳ್ಳುತ್ತಿದ್ದ ಹಳೆಯ ಪುಸ್ತಕಗಳನ್ನು ತರಿಸಿ ನೋಡಿದ್ದನಂತೆ.

"ಸರ್ ಕನ್ನಡದಲ್ಲೇ ಬರೆದಿದ್ದಾರೆ ಅಮ್ಮ. ಓದ್ತೀನಿ ಕೇಳಿ. 'ಇದು ಮರಕೆಸುವಲ್ಲ, ಬಾಯಿಗಿಟ್ಟರೆ ಕೆಟ್ಟೆ ಎಂದು ಸಣ್ಣಕ್ಕ ಎರಡು ಸಲ ಹೇಳಿದರು.' ಆಮೇಲೆ ಕಂಪ್ಯೂಟರಿಗೆ ಹತ್ತಿಸಿದವರು ಎರಡು ಹಾಳೆಯ ವಿವರ ಅದಲುಬದಲು ಮಾಡಿದ್ದಾರೆ. ಸರ್ ಪುಟಪುಟದಲ್ಲೂ ನಿಮ್ಮ ಹೆಸರು ಬರೆದಿದ್ದಾರೆ. ಅದನ್ನೆಲ್ಲ ತೆಗೆದು 'ಸ್ಥಳೀಯ ಮಹಿಳೆ', 'ತಿಳಿದಿಲ್ಲ' ಅಂತ ಹಾಕಿರೋದು ನಮ್ಮವರೇ."

ಈ ಎರಡು ತಿಂಗಳು ಸಣ್ಣಕ್ಕ ಮೇಷ್ಟ್ರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದಳೋ. ಸೆರಗಿನಿಂದ ಮುಖ ಒರೆಸಿಕೊಂಡು, "ಪಾಪ, ಅವ್ರು ಸರಿಯಾಗೇ ಬರ್ಕೊಂಡಿದ್ರು" ಎಂದಳು.

ಕೆಸುವಿನ ಹಾಳೆ ಅಂದೇ ಬದಲಾಯಿತು. 'ವಿಷಕಾರಿ, ತಿನ್ನಬಾರದು' ಎಂದು ಕೆಂಪಕ್ಷರದಲ್ಲಿ ಹಾಕಿದರು. ಅದರ ಹಿಂದೆಯೇ ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂತು. ಸಮಾರಂಭವೊಂದರಲ್ಲಿ ಸಣ್ಣಕ್ಕನಿಗೆ ಸನ್ಮಾನ ಮಾಡುತ್ತಾರಂತೆ. ಶಾಲು, ಹಣ್ಣಿನ ಬುಟ್ಟಿ, ಫಲಕ, ಹೋಗಿಬರಲು ಕಾರು. ಊರಿನವರು ಖುಷಿಪಟ್ಟರು. ಧರ್ಮಪ್ಪನಂತೂ ಜೊತೆಗೆ ಹೊರಡಲು ಅಂಗಿ ಇಸ್ತ್ರಿ ಮಾಡಿಸಿದ.

ಸಣ್ಣಕ್ಕ ಭಾರ್ಗವಿಯ ಕೈಯಲ್ಲಿ ಉತ್ತರ ಬರೆಸಿದಳು. "ಶಾಲು ನನ್ನ ಹತ್ರ ಎರಡಿದೆ. ಮೇಷ್ಟ್ರ ಪುಸ್ತಕದಲ್ಲಿ ಎಷ್ಟು ಕಡೆ ನನ್ನ ಹೆಸರಿದೆಯೋ ಅಷ್ಟೂ ಹಾಳೆಗೆ ಹೆಸರು ಹಾಕಿ. ಉಳಿದ ತಪ್ಪು ತಿದ್ದಿ. ಆಮೇಲೆ ಬೇಕಾದ್ರೆ ಬರ್ತೀನಿ, ಬಸ್ಸಲ್ಲೇ."

"ಇಷ್ಟು ಖಾರವಾಗಿ ಬರೀಬೇಕಾ?" ಎಂದಳು ಭಾರ್ಗವಿ.

"ಬರೀರಿ. ಒಂದಕ್ಷರ ಬಿಡ್ಬೇಡಿ."

ಸಮಾರಂಭ ಅವಳಿಲ್ಲದೆ ನಡೆಯಿತು. ಅಕ್ಟೋಬರಿನಲ್ಲಿ ಶಿವಕಿರಣ ತಾನೇ ಹಿರೇಕೊಡಿಗೆಗೆ ಬಂದ. ತಿದ್ದಬೇಕಾದ ಹಾಳೆಗಳ ಚಿತ್ರಗಳನ್ನೆಲ್ಲ ಚೀಲದಲ್ಲಿ ತಂದಿದ್ದ. ಸಣ್ಣಕ್ಕ ಕತ್ತಿ ಹಿಡಿದು ಮುಂದೆ ನಡೆದಳು, ಅವನು ಏದುಸಿರು ಬಿಡುತ್ತ ಹಿಂದೆ ಗುಡ್ಡ ಹತ್ತಿದ. ಮೊದಲ ಗಿಡದ ಬುಡದಲ್ಲಿ ನಿಂತು ಅವನು ಪೆನ್ನು ತೆಗೆದ.

"ಅಮ್ಮ, ಹೆಸರು ಪೂರ್ತಿಯಾಗಿ ಹೇಳಿ."

"ಆಧಾರ್ ಕಾರ್ಡಲ್ಲಿ ಎಂತದೋ ಉದ್ದಕ್ಕೆ ಇದೆ. ಊರಲ್ಲಿ ಆ ಹೆಸರು ಹೇಳಿದ್ರೆ ನಮ್ಮನೆ ನಾಯಿಗೂ ಗುರುತು ಸಿಗಲ್ಲ" ಎಂದು ಅವಳು ಗಿಡದ ಬುಡಕ್ಕೆ ಬಾಗಿದಳು. "ಸಣ್ಣಕ್ಕ ಅಂತ್ಲೇ ಬರಿ."